ರಾಜೀನಾಮೆಯ ಒಕ್ಕಣೆ

ಪತ್ರವು ಬರೆದವನ ಮನಸ್ಸಿನ ಪ್ರತಿನಿಧಿಯೆಂದು ಹಿರಿಯರು ಹೇಳುವುದುಂಟು. ಆದರೆ ಬರೆದವನ ಮನಸ್ಸನ್ನು ಮರೆಮಾಡುವುದಕ್ಕಾಗಿಯೇ ಅನೇಕ ವೇಳೆ ಬರೆಯಲ್ಪಡುವ ಪತ್ರವೊಂದು ಲೋಕದಲ್ಲಿದೆ. ಅದಕ್ಕೆ ರಾಜೀನಾಮೆಯೆಂದು ಹೆಸರು. ನಾನು ಮೂವತ್ತು ವರ್ಷಗಳಿಗೂ ಮಿಕ್ಕು ಸಂಸ್ಕೃತವನ್ನೂ ಕನ್ನಡವನ್ನೂ ಮಕ್ಕಳಿಗೆ ಹೇಳಿಕೊಟ್ಟವನು. ರಜೆಯ ಅರ್ಜಿ, ತಂದೆಗೆ ಮಗನ ಕಾಗದ, ಪುಸ್ತಕದ ಅಂಗಡಿಗೆ ಬೇಡಿಕೆಯ ಪತ್ರ ಇವುಗಳನ್ನು ವರ್ಷವರ್ಷವೂ ಕರಿಹಲಗೆಯ ಮೇಲೆ ಬರೆದು ತೋರಿಸಿದ್ದೇನೆ. ಅಧಿಕಾರವನ್ನು ಬಿಡುವ ಪತ್ರವನ್ನು ಹೇಗೆ ಬರೆಯತಕ್ಕದ್ದೆಂದು ನಾನೂ ಕಲಿಸಲಿಲ್ಲ, ನನಗೂ ಯಾರೂ ಕಲಿಸಿರಲಿಲ್ಲ. ಹೀಗಿದ್ದರೂ ಅಂತಹ ಪತ್ರವೊಂದನ್ನು ತಿದ್ದುವ ಪ್ರಸಂಗವು ನನಗೆ ಒಮ್ಮೆ ಒದಗಿತು. ಆ ತಿದ್ದುಪಡಿಯೇ ಈ ಲೇಖನಕ್ಕೆ ಕಾರಣವಾದುದರಿಂದ ಅದನ್ನು ಮೊದಲು ವಾಚಕರಲ್ಲಿ ನಿವೇದಿಸಿಕೊಳ್ಳುತ್ತೇನೆ.

2013ನೆಯ ಇಸವಿಯ ಮಳೆಗಾಲ. ಆಗ ಪುತ್ತೂರು ತಾಲೂಕಿಗೆ ಸೇರಿದ್ದು ಈಗ ಕಡಬ ತಾಲೂಕಿನಲ್ಲಿರುವ ಒಂದು ಗ್ರಾಮದ ಪಂಚಾಯತಿಗೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಅಧ್ಯಕ್ಷೆಯಾಗಿದ್ದಳು. ಗ್ರಾಮ ಪಂಚಾಯತಿಯ ಚುನಾವಣೆಯಲ್ಲಿ ಪಕ್ಷದ ಚಿಹ್ನೆಗೆ ಎಡೆಯಿಲ್ಲವೆಂದು ಕಾನೂನು ಹೇಳುತ್ತದೆ. ಆದರೆ ಯಾವ ಸದಸ್ಯನು ಯಾವ ಕಡೆಯವನೆಂಬುದು ಊರಿನ ಎಳೆಯ ಮಕ್ಕಳಿಗೂ ಗೊತ್ತಿರುತ್ತದೆ. ಅವಳೂ ಒಂದು ಕಡೆಯವರ ಬೆಂಬಲದಿಂದಲೇ ಆ ಸ್ಥಾನಕ್ಕೆ ಬಂದವಳು. ಒಂದು ಸಂಜೆ ಜಡಿಮಳೆಯಲ್ಲಿ ಕೊಡೆ ಹಿಡಿದುಕೊಂಡು ನಮ್ಮ ಮನೆಗೆ ಬಂದು, ಜಗಲಿಯಲ್ಲಿ ಕುಳಿತು, ಸೆರಗಿನೊಳಗಿಂದ ನಾಲ್ಕು ಮಡಿಕೆಯ ಒಂದು ಕಾಗದವನ್ನು ತೆಗೆದು ನನ್ನ ಕೈಗೆ ಕೊಟ್ಟಳು.

“ಇದನ್ನೊಮ್ಮೆ ನೋಡಿ ಕೊಡಿ ಮಾಷ್ಟ್ರೇ. ನನ್ನ ಕನ್ನಡದಲ್ಲಿ ತಪ್ಪು ಇರಬಹುದು” ಎಂದಳು.

ಅದು ಪುತ್ತೂರಿನ ಸಹಾಯಕ ಆಯುಕ್ತರಿಗೆ ಬರೆದ ರಾಜೀನಾಮೆ. ತಲೆಬರಹ, ದಿನಾಂಕ, ವಿಳಾಸ ಎಲ್ಲವೂ ನಾನು ಏಳನೆಯ ತರಗತಿಯಲ್ಲಿ ಕಲಿಸಿದಂತೆಯೇ ಇದ್ದುವು. ಅನಂತರ ಒಂದೇ ವಾಕ್ಯವಿತ್ತು. ಕಟ್ಟದೆ ಇರುವ ಮೋರಿಯನ್ನು ಕಟ್ಟಲಾಗಿದೆಯೆಂದು ರುಜು ಹಾಕುವುದು ತನ್ನಿಂದ ಆಗದ ಕಾರಣ ತಾನು ಅಧ್ಯಕ್ಷ ಸ್ಥಾನವನ್ನು ಬಿಡುತ್ತಿರುವೆನೆಂಬುದು ಅದರ ತಾತ್ಪರ್ಯ. ಹ್ರಸ್ವ ದೀರ್ಘದ ತಪ್ಪು ಒಂದು ಕಡೆ ಇತ್ತು. ಬೇರೆ ತಪ್ಪು ಇರಲಿಲ್ಲ.

ನಾನು ಬಹಳ ಹೊತ್ತು ಆ ಕಾಗದವನ್ನು ನೋಡುತ್ತ ಕುಳಿತೆ. ಇದು ಹೀಗೆಯೇ ಹೋದರೆ ಮುಂದೇನಾಗಬಹುದೆಂಬುದು ನನ್ನ ಕಣ್ಣಿಗೆ ಕಟ್ಟಿತು. ಮೋರಿಯ ಗುತ್ತಿಗೆಯವನು ಅವಳ ಮನೆಯಿಂದ ಎರಡನೆಯ ತೋಟದವನು. ಒತ್ತಾಯ ಮಾಡಿದ ಸದಸ್ಯರು ಅವಳ ಗಂಡನ ಜೊತೆಯಲ್ಲಿ ಬೆಳೆದವರು. ಅಡಿಕೆ ಕೊಯ್ಲಿಗೆ, ಮದುವೆಗೆ, ಸಾವಿಗೆ ಅವರೇ ಬರಬೇಕಾದವರು. ಆದುದರಿಂದ ನಾನು ಬೇರೊಂದು ಹಾಳೆಯನ್ನು ತೆಗೆದುಕೊಂಡು, “ಅನಾರೋಗ್ಯದ ನಿಮಿತ್ತ ಅಧ್ಯಕ್ಷ ಸ್ಥಾನದ ಕರ್ತವ್ಯಗಳನ್ನು ನಿರ್ವಹಿಸಲು ಅಸಮರ್ಥಳಾಗಿರುವುದರಿಂದ” ಎಂದು ಬಹಳ ಶುದ್ಧವಾದ ಕನ್ನಡದಲ್ಲಿ ಬರೆದುಕೊಟ್ಟೆ.

ಅವಳು ಅದನ್ನು ಎರಡು ಸಲ ಓದಿ, “ನನಗೆ ಎಂತ ಸೀಕೂ ಇಲ್ಲವಲ್ಲ ಮಾಷ್ಟ್ರೇ” ಎಂದಳು.

“ಅದು ಬರೆಯುವ ಕ್ರಮ ಮಗೂ. ದೊಡ್ಡ ದೊಡ್ಡವರೂ ಹಾಗೆಯೇ ಬರೆಯುವುದು” ಎಂದೆ. ಗುರುವಿನ ಮಾತೆಂದು ಅವಳು ಒಪ್ಪಿದಳು. ತನ್ನ ಅಕ್ಷರದಲ್ಲಿ ನಕಲು ಮಾಡಿ ರುಜು ಹಾಕಿ ಮರುದಿನ ಪುತ್ತೂರಿಗೆ ಹೋಗಿ ಕೊಟ್ಟಳು. ಮೊದಲನೆಯ ಕಾಗದವು ನನ್ನಲ್ಲಿಯೇ ಉಳಿಯಿತು.

ಪಂಚಾಯತ್ ರಾಜ್ ಕಾನೂನಿನಂತೆ ಅಧ್ಯಕ್ಷರ ರಾಜೀನಾಮೆಯು ತಲುಪಿದ ದಿವಸದಿಂದ ಹತ್ತು ದಿನಗಳ ತರುವಾಯ ಜಾರಿಗೆ ಬರುತ್ತದೆ. ಅಷ್ಟರೊಳಗೆ ಬೇಕಾದರೆ ಹಿಂದೆಗೆದುಕೊಳ್ಳಬಹುದು. ಆ ಹತ್ತು ದಿನಗಳಲ್ಲಿ ನನಗೂ ಪುನರಾಲೋಚನೆಗೆ ಅವಕಾಶವಿತ್ತು, ನಾನು ಆಲೋಚಿಸಲಿಲ್ಲ. ಹನ್ನೊಂದನೆಯ ದಿನದಿಂದ ಊರಿನವರು ಆಲೋಚಿಸತೊಡಗಿದರು. ಆರೋಗ್ಯವಾಗಿಯೇ ಗದ್ದೆಯ ಬದುವಿನಲ್ಲಿ ಹುಲ್ಲಿನ ಹೊರೆ ಹೊತ್ತು ನಡೆಯುವ ಹೆಂಗಸು ಅನಾರೋಗ್ಯವೆಂದು ಬರೆದಿದ್ದಾಳೆಂದರೆ ಒಳಗೆ ಏನೋ ಇದೆಯೆಂದು ಒಬ್ಬರು ಹೇಳಿದರು. ಮೋರಿಯ ಹಣದಲ್ಲಿ ಅವಳಿಗೂ ಪಾಲು ಹೋಗಿರಬೇಕು, ಸಿಕ್ಕಿಬೀಳುವ ಭಯದಿಂದ ಬಿಟ್ಟಳೆಂದು ಮತ್ತೊಬ್ಬರು ಹೇಳಿದರು. ನಂಬಿದವರು ಸೀಯಾಳ ಹಿಡಿದುಕೊಂಡು ಯೋಗಕ್ಷೇಮ ವಿಚಾರಿಸಲು ಬಂದರು. ಅವರೆಲ್ಲರ ಮುಂದೆಯೂ ಅವಳು ಸುಳ್ಳು ಹೇಳಬೇಕಾಯಿತು. ಎರಡು ವರ್ಷಗಳ ಮೇಲೆ ಅವಳ ಮಗಳಿಗೆ ಬಂದ ಒಂದು ಸಂಬಂಧವು, ತಾಯಿಗೆ ಎಂತದೋ ದೊಡ್ಡ ಸೀಕು ಇದೆಯಂತೆ ಎಂಬ ಮಾತಿನಿಂದ ತಪ್ಪಿಹೋಯಿತು. ಈ ಮಾತನ್ನು ಅವಳು ನನಗೆ ಹೇಳಲಿಲ್ಲ; ಬೇರೆಯವರಿಂದ ನನ್ನ ಕಿವಿಗೆ ಬಿತ್ತು.

ಅಂದಿನಿಂದ ಇಂತಹ ಪತ್ರಗಳನ್ನು ಕುರಿತು ಓದುವುದೂ ಯೋಚಿಸುವುದೂ ನನ್ನ ವಿಶ್ರಾಂತ ಜೀವನದ ಒಂದು ಅಭ್ಯಾಸವಾಗಿದೆ. ವಿರೋಧವೆಂಬುದು ಭಾಷೆಯಲ್ಲಿ ಎಲ್ಲಿ ಕುಳಿತುಕೊಳ್ಳುತ್ತದೆ, ಎಲ್ಲಿ ಅಡಗುತ್ತದೆ, ಎಲ್ಲಿ ಸತ್ತುಹೋಗುತ್ತದೆ ಎಂಬುದನ್ನು ನೋಡುವುದಕ್ಕೆ ರಾಜೀನಾಮೆಗಿಂತ ಒಳ್ಳೆಯ ಸ್ಥಳ ಬೇರೊಂದಿಲ್ಲ.

ಮೊದಲು ಶಬ್ದವನ್ನೇ ನೋಡೋಣ. ‘ರಾಜೀನಾಮೆ’ ಎಂಬುದು ಪಾರಸೀ ಭಾಷೆಯಿಂದ ಬಂದ ಮಾತು. ರಾಜಿ ಎಂದರೆ ಸಮ್ಮತಿ. ನಾಮೆ ಎಂದರೆ ಪತ್ರ. ವಾದಿ ಪ್ರತಿವಾದಿಗಳು ಜಗಳ ತೀರಿಸಿಕೊಂಡು ಬರೆದುಕೊಡುವ ಒಪ್ಪಂದದ ಪತ್ರಕ್ಕೆ ಉತ್ತರ ಹಿಂದೂಸ್ಥಾನದಲ್ಲಿ ಇಂದಿಗೂ ಆ ಹೆಸರಿದೆ. ಕನ್ನಡ ಮರಾಠಿಗಳಲ್ಲಿಯಾದರೋ ಅದು ಅಧಿಕಾರವನ್ನು ಬಿಡುವ ಪತ್ರವಾಗಿ ನಿಂತಿತು. ಹಿಂದಿಯವರು ಅದೇ ಅರ್ಥದಲ್ಲಿ ಹೇಳುವ ‘ಇಸ್ತೀಫಾ’ ಅರಬ್ಬಿಯದು. ಬಿಡುಗಡೆಯನ್ನೂ ಮನ್ನಣೆಯನ್ನೂ ಬೇಡುವುದೆಂದು ಅದರ ಮೂಲಾರ್ಥ. ಒಂದು ಮಾತಿನಲ್ಲಿ ಸಮ್ಮತಿ, ಇನ್ನೊಂದರಲ್ಲಿ ಕ್ಷಮಾಪ್ರಾರ್ಥನೆ. ಒಪ್ಪಲಾರೆನೆಂದು ಹೇಳಹೊರಟವನಿಗೆ ಭಾಷೆಯು ಕೊಟ್ಟಿರುವ ಪತ್ರದ ಹೆಸರೇ ಒಪ್ಪಿಗೆಯ ಪತ್ರ! ಹೀಗಿರಲು ಅವನು ತನ್ನ ವಿರೋಧವನ್ನು ಎಲ್ಲಿ ಇರಿಸಬೇಕು?

ಕಾನೂನು ಅವನಿಗೆ ಸಹಾಯ ಮಾಡುವುದೆಂದು ತಿಳಿದರೆ ಅದೂ ಇಲ್ಲ. ಲೋಕಸಭೆಯ ಕಾರ್ಯವಿಧಾನ ನಿಯಮಗಳಲ್ಲಿ 240ನೆಯದು ಸದಸ್ಯನ ರಾಜೀನಾಮೆಗೆ ಸಂಬಂಧಿಸಿದ್ದು. ಸ್ಥಾನವನ್ನು ಇಂಥ ದಿನಾಂಕದಿಂದ ಬಿಡುತ್ತೇನೆಂಬ ಒಂದೇ ವಾಕ್ಯದ ಮಾದರಿಯನ್ನು ಅದು ಕೊಟ್ಟು, ಕಾರಣವನ್ನು ಹೇಳಕೂಡದೆಂದು ವಿಧಿಸುತ್ತದೆ. ಹೇಳಿದರೆ ಆ ಮಾತುಗಳನ್ನು ತೆಗೆದುಹಾಕಿ ಉಳಿದುದನ್ನು ಮಾತ್ರ ಸಭೆಗೆ ಓದುವ ಅಧಿಕಾರ ಸಭಾಧ್ಯಕ್ಷರಿಗಿದೆ. ರಾಜ್ಯದ ಶಾಸಕರ ವಿಷಯದಲ್ಲಿ ಸಂವಿಧಾನದ 190ನೆಯ ವಿಧಿಯು ಸ್ವಹಸ್ತದ ಪತ್ರವನ್ನು ಕೇಳುತ್ತದೆ. 1974ರ ಮೂವತ್ತಮೂರನೆಯ ತಿದ್ದುಪಡಿಯ ತರುವಾಯ ಆ ಪತ್ರವು ಸ್ವಇಚ್ಛೆಯದೋ ನೈಜವೋ ಎಂಬುದನ್ನು ಸಭಾಧ್ಯಕ್ಷರು ಪರಿಶೀಲಿಸಬೇಕೆಂದಾಯಿತು. ಬಿಡುವುದಕ್ಕೆ ಇಚ್ಛೆಯುಂಟೋ ಎಂದು ಕೇಳುವ ಈ ಶಾಸನವು ಏತಕ್ಕೆ ಬಿಡುವೆಯೆಂದು ಕೇಳುವುದಿಲ್ಲ.

ಇದರ ಪರಿಣಾಮವನ್ನು ನಾವು 2019ರ ಜುಲೈ ತಿಂಗಳಿನಲ್ಲಿ ಬೆಂಗಳೂರಿನಲ್ಲಿ ಕಂಡೆವು. ಅನೇಕ ಶಾಸಕರು ಒಟ್ಟಿಗೆ ರಾಜೀನಾಮೆ ಕೊಟ್ಟರು. ಮೊದಲು ಬಂದ ಹದಿಮೂರು ಪತ್ರಗಳಲ್ಲಿ ಎಂಟು ನಿಯಮದ ಮಾದರಿಯಲ್ಲಿಲ್ಲವೆಂದು ಆಗಿನ ಸಭಾಧ್ಯಕ್ಷ ಕೆ. ಆರ್. ರಮೇಶ್ ಕುಮಾರರು ಹೇಳಿದರು. 23ನೆಯ ತಾರೀಖು 99ಕ್ಕೆ 105 ಮತಗಳಿಂದ ಕುಮಾರಸ್ವಾಮಿಯವರ ಮಂತ್ರಿಮಂಡಲವು ಬಿದ್ದಿತು. ಹದಿನೇಳು ಮಂದಿ ಶಾಸಕರು ಅನರ್ಹರೆಂದು ಘೋಷಿಸಲ್ಪಟ್ಟರು. ಸರ್ವೋಚ್ಚ ನ್ಯಾಯಾಲಯವು ಅದೇ ವರ್ಷದ ನವೆಂಬರ್ 13ರಂದು ಆ ಅನರ್ಹತೆಯನ್ನು ಎತ್ತಿಹಿಡಿಯಿತು. ಆದರೆ ವಿಧಾನಸಭೆಯ ಅವಧಿ ಮುಗಿಯುವ ತನಕ ಅವರು ಚುನಾವಣೆಗೆ ನಿಲ್ಲಬಾರದೆಂಬ ಭಾಗವನ್ನು ತೆಗೆದುಹಾಕಿತು. ರಾಜೀನಾಮೆಯ ಹಿಂದಿನ ಉದ್ದೇಶವನ್ನು ಕೆದಕುವುದು ಸಭಾಧ್ಯಕ್ಷರ ಕೆಲಸವಲ್ಲವೆಂದೂ ಹೇಳಿತು. ಕಾನೂನಿನ ದೃಷ್ಟಿಯಿಂದ ಅದು ಸರಿಯಾಗಿರಬಹುದು. ಆದರೆ ಪತ್ರಗಳನ್ನು ಮಾತ್ರ ಓದಿದವನಿಗೆ ಸಿದ್ಧಾಂತಕ್ಕಾಗಿ ಬಿಟ್ಟವನಾರು, ಲಾಭಕ್ಕಾಗಿ ಬಿಟ್ಟವನಾರು, ಮುನಿಸಿನಿಂದ ಬಿಟ್ಟವನಾರು ಎಂಬ ಭೇದವು ತಿಳಿಯುವಂತಿಲ್ಲ. ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಮೇಲೆ ಚಿನ್ನಕ್ಕೂ ಹಿತ್ತಾಳೆಗೂ ಆಕಾರ ಒಂದೇ ಅಷ್ಟೆ.

ಇಲ್ಲಿ ನನಗೆ ಪಾಠಶಾಲೆಯ ವ್ಯಾಕರಣದ ನೆನಪು ಬರುತ್ತದೆ. ನಿಷೇಧವನ್ನು ಹೇಳುವ ‘ನಞ್’ ಎಂಬುದಕ್ಕೆ ವೈಯಾಕರಣರು ಆರು ಅರ್ಥಗಳನ್ನು ಎಣಿಸಿರುವರು: ಸಾದೃಶ್ಯ, ಅಭಾವ, ಅನ್ಯತ್ವ, ಅಲ್ಪತೆ, ಅಪ್ರಾಶಸ್ತ್ಯ, ವಿರೋಧ. ಅಪಾಪವೆಂದರೆ ಪಾಪದ ಅಭಾವ. ಅನಶ್ವವೆಂದರೆ ಕುದುರೆಯಲ್ಲದ ಬೇರೊಂದು. ಅನುದರೆಯಾದ ಕನ್ಯೆಯೆಂದರೆ ಹೊಟ್ಟೆಯೇ ಇಲ್ಲದವಳೆಂದಲ್ಲ, ಸಣ್ಣ ನಡುವಿನವಳೆಂದು. ಅಧರ್ಮವಾದರೋ ಧರ್ಮಕ್ಕೆ ಎದುರಾಗಿ ನಿಂತದ್ದು. ‘ಅಲ್ಲ’ ಎಂಬ ಒಂದೇ ಮಾತು ಇಷ್ಟು ಬಗೆಯಾಗಿ ಅಲ್ಲಗಳೆಯಬಲ್ಲುದು. ವಿರೋಧವು ಆ ಆರರಲ್ಲಿ ಒಂದು ಮಾತ್ರ, ಅದೂ ಕೊನೆಯದು. ರಾಜೀನಾಮೆಯೂ ಒಂದು ‘ನಞ್’ ಆದುದರಿಂದ ಪ್ರಸಿದ್ಧವಾದ ಕೆಲವು ಪತ್ರಗಳನ್ನು ಈ ಸೂತ್ರದಿಂದ ಅಳೆದು ನೋಡಿದ್ದೇನೆ.

ಅಭಾವಕ್ಕೆ ಉದಾಹರಣೆ ಸುಭಾಷಚಂದ್ರ ಬೋಸರದು. 1921ರ ಏಪ್ರಿಲ್ 22ರಂದು ಅವರು ಭಾರತಮಂತ್ರಿ ಮಾಂಟೆಗು ಅವರಿಗೆ ಬರೆದು, ಐ.ಸಿ.ಎಸ್. ಅಭ್ಯರ್ಥಿಗಳ ಪಟ್ಟಿಯಿಂದ ತಮ್ಮ ಹೆಸರನ್ನು ತೆಗೆಯಬೇಕೆಂದು ಕೇಳಿಕೊಂಡರು. ಅದುವರೆಗೆ ಪಡೆದ ನೂರು ಪೌಂಡು ಭತ್ಯವನ್ನು ರಾಜೀನಾಮೆಯ ಅಂಗೀಕಾರವಾದೊಡನೆ ಹಿಂದಿರುಗಿಸುವೆನೆಂದರು. ಬ್ರಿಟಿಷ್ ಆಳಿಕೆಯನ್ನು ಕುರಿತು ಒಂದು ಕಠಿನವಾದ ಮಾತೂ ಅದರಲ್ಲಿಲ್ಲ. ಆದರೆ ಆ ನೂರು ಪೌಂಡಿನ ಲೆಕ್ಕವನ್ನು ಓದಿದಾಗ, ನಿಮ್ಮ ಅನ್ನದ ಋಣವೂ ನನಗೆ ಬೇಡವೆಂಬ ಧ್ವನಿಯು ತಾನಾಗಿಯೇ ಕೇಳಿಸುತ್ತದೆ. ನಮ್ಮ ಜಿಲ್ಲೆಯು ಮದರಾಸು ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, 1939ರ ಅಕ್ಟೋಬರಿನಲ್ಲಿ, ರಾಜಾಜಿಯವರ ಮಂತ್ರಿಮಂಡಲವು ಅಧಿಕಾರವನ್ನು ಬಿಟ್ಟಿತು. ಭಾರತೀಯರನ್ನು ಕೇಳದೆ ಭಾರತವನ್ನು ಮಹಾಯುದ್ಧಕ್ಕೆ ಎಳೆದದ್ದೇ ಅದಕ್ಕೆ ಕಾರಣವೆಂಬುದು ದೇಶಕ್ಕೆಲ್ಲ ತಿಳಿದಿತ್ತು. ಕಾರಣವು ಲೋಕವಿದಿತವಾಗಿರುವಾಗ ಪತ್ರವು ಮೌನವಾಗಿದ್ದರೂ ದೋಷವಿಲ್ಲ. ಹೊರಗಿನ ಮಾತು ಒಳಗಿನ ಮೌನಕ್ಕೆ ಅರ್ಥವನ್ನು ಕೊಡುತ್ತದೆ.

ಅಪ್ರಾಶಸ್ತ್ಯಕ್ಕೆ ರವೀಂದ್ರನಾಥ ಠಾಕೂರರ ಪತ್ರವನ್ನು ಮೀರಿದ್ದಿಲ್ಲ. ಜಲಿಯನ್‌ವಾಲಾ ಬಾಗಿನ ಹತ್ಯೆಯಾದ ಒಂದೂವರೆ ತಿಂಗಳಲ್ಲಿ, 1919ರ ಮೇ ಕೊನೆಯಲ್ಲಿ, ಅವರು ವೈಸರಾಯ್ ಚೆಮ್ಸ್‌ಫರ್ಡರಿಗೆ ಬರೆದು ‘ಸರ್’ ಪದವಿಯಿಂದ ತಮ್ಮನ್ನು ಬಿಡುಗಡೆ ಮಾಡಬೇಕೆಂದು ಕೋರಿದರು. ಪತ್ರದ ಸಂಬೋಧನೆಯೂ ಕೋರಿಕೆಯೂ ಪೂರ್ಣ ಮರ್ಯಾದೆಯಿಂದ ಕೂಡಿರುವುವು. ಆದರೆ ದೇಶಬಾಂಧವರು ಅವಮಾನಕ್ಕೆ ಗುರಿಯಾಗಿರುವಾಗ ಮರ್ಯಾದೆಯ ಬಿರುದುಗಳೇ ನಾಚಿಕೆಯನ್ನು ಎತ್ತಿ ತೋರಿಸುತ್ತವೆಂಬ ಅಭಿಪ್ರಾಯವನ್ನು ಆ ವಿನಯದ ನಡುವೆಯೇ ಇಟ್ಟಿರುವರು. ಪ್ರಶಸ್ತಿಯನ್ನು ಅಪ್ರಶಸ್ತವೆಂದು ತೋರಿಸುವುದು ಹೀಗೆ. ಪುತ್ತೂರಿನ ಬಾಲವನದಲ್ಲಿ ದೀರ್ಘಕಾಲ ಬಾಳಿದ ಶಿವರಾಮ ಕಾರಂತರು 1968ರಲ್ಲಿ ಬಂದ ಪದ್ಮಭೂಷಣವನ್ನು ತುರ್ತುಪರಿಸ್ಥಿತಿಯ ಕಾಲದಲ್ಲಿ ಹಿಂದಿರುಗಿಸಿದ್ದೂ ಇದೇ ಜಾತಿಯದು. ಬಿರುದನ್ನು ಬಿಡುವುದಕ್ಕೂ ಪದವಿಯನ್ನು ಬಿಡುವುದಕ್ಕೂ ಭೇದವುಂಟಾದರೂ ಎರಡರ ಭಾಷೆ ಒಂದೇ.

ಅನ್ಯತ್ವಕ್ಕೆ ನಮ್ಮ ಜಿಲ್ಲೆಯಲ್ಲಿಯೇ ನಿದರ್ಶನವುಂಟು. 2019ರ ಸೆಪ್ಟೆಂಬರ್ 6ರಂದು ದಕ್ಷಿಣ ಕನ್ನಡದ ಜಿಲ್ಲಾಧಿಕಾರಿ ಎಸ್. ಶಶಿಕಾಂತ್ ಸೆಂಥಿಲ್ ಅವರು ಐ.ಎ.ಎಸ್. ಸೇವೆಗೆ ರಾಜೀನಾಮೆ ಕೊಟ್ಟು ಒಂದು ಪತ್ರವನ್ನು ಪ್ರಕಟಿಸಿದರು. ಅದರ ಒಕ್ಕಣೆಯು ಗಮನಕ್ಕೆ ಯೋಗ್ಯವಾದದ್ದು. ತೀರ್ಮಾನವು ಸ್ವಂತದ್ದೆಂದೂ, ಜಿಲ್ಲೆಯ ಯಾವ ಘಟನೆಗೂ ವ್ಯಕ್ತಿಗೂ ಸಂಬಂಧಪಟ್ಟದ್ದಲ್ಲವೆಂದೂ ಹೇಳಿ, ನಡುವೆ ಬಿಟ್ಟುಹೋಗುವುದಕ್ಕಾಗಿ ಜಿಲ್ಲೆಯ ಜನರ ಕ್ಷಮೆಯನ್ನು ಕೇಳಿದರು. ಕೂಡಲೇ, ಪ್ರಜಾಪ್ರಭುತ್ವದ ತಳಹದಿಯ ಕಲ್ಲುಗಳೇ ಸಡಿಲವಾಗುತ್ತಿರುವಾಗ ಅಧಿಕಾರಿಯಾಗಿ ಮುಂದುವರಿಯುವುದು ತಮಗೆ ನೀತಿಯೆನಿಸದೆಂದೂ, ಸೇವೆಯ ಹೊರಗೆ ನಿಂತು ತಮ್ಮ ಕೆಲಸವನ್ನು ಮಾಡುವುದೇ ಲೇಸೆಂದೂ ತಿಳಿಸಿದರು. ‘ಸ್ವಂತ ಕಾರಣ’ ಎಂಬ ಸವೆದ ಮಾತಿಗೆ ಅವರು ಹೊಸ ಅರ್ಥವನ್ನು ಕೊಟ್ಟರು. ಅವರ ಸ್ವಂತ ಕಾರಣವೇ ಸಾರ್ವಜನಿಕವಾದ ಕಾರಣವಾಗಿತ್ತು. ಅವರು 2020ರಲ್ಲಿ ಕಾಂಗ್ರೆಸ್ ಪಕ್ಷವನ್ನು ಸೇರಿ 2024ರಲ್ಲಿ ತಿರುವಳ್ಳೂರಿನಿಂದ ಲೋಕಸಭೆಗೆ ಆಯ್ಕೆಯಾದರು. ಇದನ್ನು ಕಂಡು, ಆ ಪತ್ರವೂ ರಾಜಕೀಯವೇ ಆಗಿತ್ತೆಂದು ಕೆಲವರು ಹೇಳುವರು. ಆಗಿರಬಹುದು. ಆದರೆ ಮುಂದಿನ ನಡತೆಯೊಂದಿಗೆ ಹೋಲಿಸಿ ಪರೀಕ್ಷಿಸುವುದಕ್ಕೆ ಓದುಗನ ಕೈಯಲ್ಲಿ ಒಂದು ಮಾತು ಇದೆಯಷ್ಟೆ. ಕಾರಣವನ್ನೇ ಬರೆಯದವನನ್ನು ಯಾವುದರೊಂದಿಗೆ ಹೋಲಿಸೋಣ?

ಸಾದೃಶ್ಯವೆಂಬ ಅರ್ಥವು ಎಲ್ಲಕ್ಕಿಂತ ಸೂಕ್ಷ್ಮವಾದದ್ದು. ‘ಅಲ್ಲ’ ಎನ್ನುತ್ತಲೇ ಅದರಂತೆಯೇ ಇರುವುದು. 2022ರ ಜುಲೈ 26ರಂದು ಸುಳ್ಯ ತಾಲೂಕಿನ ಬೆಳ್ಳಾರೆಯಲ್ಲಿ ಭಾರತೀಯ ಜನತಾ ಪಕ್ಷದ ಯುವ ಕಾರ್ಯಕರ್ತನೊಬ್ಬನ ಕೊಲೆಯಾಯಿತು. ತಮ್ಮದೇ ಪಕ್ಷದ ಸರಕಾರವಿದ್ದೂ ಕಾರ್ಯಕರ್ತರಿಗೆ ರಕ್ಷಣೆಯಿಲ್ಲವೆಂದು ಆ ಪಕ್ಷದ ಯುವ ಮೋರ್ಚಾದ ಅನೇಕರು ಇಲ್ಲಿಯೂ ಬೇರೆ ಜಿಲ್ಲೆಗಳಲ್ಲಿಯೂ ಸಾಲುಸಾಲಾಗಿ ಹುದ್ದೆಗಳಿಗೆ ರಾಜೀನಾಮೆ ಬರೆದರು. ಬೆಂಗಳೂರಿನ ಸರಕಾರವು ತನ್ನ ವರ್ಷಪೂರ್ತಿಯ ಸಮಾರಂಭವನ್ನು ನಿಲ್ಲಿಸಬೇಕಾಯಿತು. ಅವರ ಮತಾಭಿಪ್ರಾಯಗಳನ್ನು ಒಪ್ಪುವುದೂ ಬಿಡುವುದೂ ಇಲ್ಲಿಯ ವಿಷಯವಲ್ಲ. ನಾನು ಗಮನಿಸಿದ್ದು ಇಷ್ಟು: ಅವರು ಹುದ್ದೆಯನ್ನು ಬಿಟ್ಟರು, ನಂಬಿಕೆಯನ್ನು ಬಿಡಲಿಲ್ಲ. ನಾನು ನಿಮ್ಮವನೇ, ಆದುದರಿಂದಲೇ ನಿಮ್ಮ ಮೇಲೆ ಸಿಟ್ಟು ಎಂಬ ಒಕ್ಕಣೆ ಅದು. ಎದುರಾಳಿಯ ಮಾತನ್ನು ಕೇಳದಿರುವ ಅಧಿಕಾರಸ್ಥರೂ ಮನೆಯ ಮಗನ ಇಂತಹ ಮಾತನ್ನು ಕೇಳಲೇಬೇಕಾಗುತ್ತದೆ.

ಅಲ್ಪತೆಯಂತೂ ನಮ್ಮ ಕಾಲದ ಸಾಮಾನ್ಯ ರೋಗ. ‘ವರಿಷ್ಠರ ಸೂಚನೆಯ ಮೇರೆಗೆ’, ‘ಪಕ್ಷದ ತೀರ್ಮಾನದಂತೆ’ ಎಂಬ ಮಾತುಗಳಲ್ಲಿ ಕರ್ತೃವು ಅಡಗಿ ಕರಣವು ಮುಂದೆ ಬರುತ್ತದೆ. ಸುಳ್ಯದ ಮಂಡೆಕೋಲಿನಲ್ಲಿ ಹುಟ್ಟಿ, ಪುತ್ತೂರಿನಿಂದ ಎರಡು ಸಲ ಶಾಸಕರಾಗಿ, 2011ರ ಆಗಸ್ಟಿನಲ್ಲಿ ಮುಖ್ಯಮಂತ್ರಿಗಳಾದ ಡಿ. ವಿ. ಸದಾನಂದ ಗೌಡರು ಒಂದು ವರ್ಷ ತುಂಬುವ ಮೊದಲೇ, 2012ರ ಜುಲೈಯಲ್ಲಿ, ಪಕ್ಷದ ತೀರ್ಮಾನಕ್ಕೆ ತಲೆಬಾಗಿ ಸ್ಥಾನವನ್ನು ಬಿಟ್ಟರು. ಸುಳ್ಯದಿಂದ 1994ರ ಮೊದಲ್ಗೊಂಡು ಆರು ಸಲ ಗೆದ್ದ ಎಸ್. ಅಂಗಾರ ಅವರು 2023ರ ಏಪ್ರಿಲಿನಲ್ಲಿ ಟಿಕೆಟು ದೊರೆಯದಾಗ ರಾಜಕೀಯಕ್ಕೇ ವಿದಾಯವೆಂದು ನೊಂದು ನುಡಿದರು. ಆದರೆ ಬೇಗನೆ ಆ ಮಾತನ್ನು ಸಡಿಲಿಸಿ ಪಕ್ಷದ ಅಭ್ಯರ್ಥಿಯ ಪರವಾಗಿ ನಿಂತರು. ಇವರನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಶಿಸ್ತೆಂಬುದೂ ಒಂದು ಗುಣವೇ. ಶಿಸ್ತಿನ ಒಳಗೆ ವಿರೋಧವು ಅನುದರೆಯ ನಡುವಿನಂತೆ ತೆಳ್ಳಗಾಗುತ್ತದೆ, ಆದರೂ ಇಲ್ಲವಾಗುವುದಿಲ್ಲ.

ಕೊನೆಯದಾದ ವಿರೋಧಕ್ಕೆ ಡಾ. ಅಂಬೇಡ್ಕರರ ಹೇಳಿಕೆಯನ್ನು ನಾನು ಉದಾಹರಿಸುತ್ತೇನೆ. ಹಿಂದೂ ಸಂಹಿತೆಯ ಮಸೂದೆಯು ಮುಂದುವರಿಯದಾಗ ಅವರು 1951ರ ಸೆಪ್ಟೆಂಬರ್ 27ರಂದು ಕಾನೂನು ಮಂತ್ರಿಯ ಪದವಿಗೆ ರಾಜೀನಾಮೆ ಕೊಟ್ಟರು. ಪದವಿಯನ್ನು ಬಿಟ್ಟ ಮಂತ್ರಿಯು ಸಭೆಯಲ್ಲಿ ಕಾರಣವನ್ನು ವಿವರಿಸುವ ಸಂಪ್ರದಾಯವುಂಟು. ಅಕ್ಟೋಬರಿನಲ್ಲಿ ಅವರು ಅದಕ್ಕಾಗಿ ಎದ್ದಾಗ, ಹೇಳಿಕೆಯ ಪ್ರತಿಯನ್ನು ಮೊದಲೇ ಒಪ್ಪಿಸಬೇಕೆಂಬ ವಿಷಯದಲ್ಲಿ ಸಭೆಯನ್ನು ನಡೆಸುತ್ತಿದ್ದವರೊಡನೆ ಭಿನ್ನಾಭಿಪ್ರಾಯವುಂಟಾಗಿ, ಅವರು ಸಭೆಯಿಂದ ಹೊರನಡೆದು ಹೇಳಿಕೆಯನ್ನು ಪತ್ರಿಕೆಗಳಿಗೆ ಕೊಟ್ಟರು. ಪರಿಶಿಷ್ಟ ಜಾತಿಯವರ ಉಪೇಕ್ಷೆ, ವಿದೇಶಾಂಗ ನೀತಿ, ಮಂತ್ರಿಮಂಡಲದಲ್ಲಿ ವಿಚಾರವಿನಿಮಯವಿಲ್ಲದಿರುವುದು, ಹಿಂದೂ ಸಂಹಿತೆ ಹೀಗೆ ಒಂದೊಂದಾಗಿ ಕಾರಣಗಳನ್ನು ಎಣಿಸಿದ ಹೇಳಿಕೆ ಅದು. ಅದರಲ್ಲಿ ಒಂದು ಕಡೆ ಅವರು, ತಾವು ಸುಮ್ಮನಿದ್ದರೆ ಅನಾರೋಗ್ಯದಿಂದ ಬಿಟ್ಟರೆಂದು ಜನರು ತಿಳಿಯಬಹುದು, ಅನಾರೋಗ್ಯದ ನೆಪದಿಂದ ಕರ್ತವ್ಯವನ್ನು ಬಿಡುವವರಲ್ಲಿ ತಾವು ಕಟ್ಟಕಡೆಯವರು ಎಂಬ ಅಭಿಪ್ರಾಯವನ್ನು ಹೇಳಿರುವರು. ಅವರಿಗೆ ನಿಜವಾಗಿಯೂ ದೇಹಾಲಸ್ಯವಿತ್ತು. ಕೈಗೆ ಸಿದ್ಧವಾಗಿದ್ದ ಆ ಸುಲಭವಾದ ಕಾರಣವನ್ನು ಅವರು ತಾವಾಗಿಯೇ ದೂರ ತಳ್ಳಿದರು.

ಈ ಭಾಗವನ್ನು ಓದಿದ ದಿನ ನಾನು ಪುಸ್ತಕವನ್ನು ಮುಚ್ಚಿಟ್ಟು ಜಗಲಿಗೆ ಬಂದು ಕುಳಿತೆ. ರೋಗವಿದ್ದವರು ರೋಗದ ಹೆಸರನ್ನು ಹೇಳಬಾರದೆಂದರು. ರೋಗವಿಲ್ಲದವಳ ಬಾಯಲ್ಲಿ ನಾನು ರೋಗದ ಹೆಸರನ್ನು ಹೇಳಿಸಿದೆ. ನಾನು ಬರೆದುಕೊಟ್ಟ ವಾಕ್ಯವು ನಞಿನ ಆರು ಅರ್ಥಗಳಲ್ಲಿ ಯಾವುದಕ್ಕೂ ಸೇರದು. ಅದು ಅಲ್ಪವಾದ ವಿರೋಧವೂ ಆಗಿರಲಿಲ್ಲ, ಮೌನವೂ ಆಗಿರಲಿಲ್ಲ. ಅದು ಅನೃತವಾಗಿತ್ತು. ಅನುಕ್ತಕ್ಕೂ ಅನೃತಕ್ಕೂ ಇರುವ ಭೇದವನ್ನು ಮಕ್ಕಳಿಗೆ ಕಲಿಸಬೇಕಾದವನು ನಾನೇ. ಅಪ್ರಿಯವಾದ ಸತ್ಯವನ್ನು ನುಡಿಯಬಾರದೆಂಬ ಮನುವಿನ ಶ್ಲೋಕಾರ್ಧವನ್ನು ಎಷ್ಟು ಸಲ ಕಂಠಪಾಠ ಮಾಡಿಸಿಲ್ಲ! ಪ್ರಿಯವಾದ ಸುಳ್ಳನ್ನೂ ನುಡಿಯಬಾರದೆಂಬ ಉತ್ತರಾರ್ಧವು ಆ ಮಳೆಯ ಸಂಜೆ ನನಗೆ ನೆನಪಾಗಲಿಲ್ಲ. ನೆನಪಾಗದಿರಲು ಕಾರಣವನ್ನೂ ಮುಚ್ಚಿಡಲಾರೆ. ಕಾಗದದ ಒಕ್ಕಣೆ ಮಾಷ್ಟ್ರದೇ ಎಂದು ಆ ಕಡೆಯವರು ಗುರುತಿಸಿಯಾರೆಂಬ ಭಯವು ಅವಳ ಭಯಕ್ಕಿಂತ ನನ್ನಲ್ಲಿಯೇ ಹೆಚ್ಚಾಗಿತ್ತು.

ನಮ್ಮ ಸೀಮೆಯ ತಾಳಮದ್ದಳೆಯ ಕೂಟಗಳಲ್ಲಿ ಕೃಷ್ಣಸಂಧಾನದ ಪ್ರಸಂಗವನ್ನು ಕೇಳದವರು ವಿರಳ. ಕೃಷ್ಣನಿಗೆ ಆತಿಥ್ಯ ಮಾಡಿದುದಕ್ಕಾಗಿ ಕೌರವನು ತುಂಬಿದ ಸಭೆಯಲ್ಲಿ ವಿದುರನನ್ನು ಹೀಯಾಳಿಸುವನು. ಕುಮಾರವ್ಯಾಸನ ವಿದುರನು ಬಿಲ್ಲನ್ನು ಮುರಿದುಹಾಕುವನು. ಭಾಗವತದ ವಿದುರನಾದರೋ ಬಿಲ್ಲನ್ನು ಮುರಿಯದೆ ಅರಮನೆಯ ಬಾಗಿಲಲ್ಲಿ ಇಳುಹಿ ತೀರ್ಥಯಾತ್ರೆಗೆ ಹೊರಟುಹೋಗುವನು. ಎರಡೂ ರಾಜೀನಾಮೆಗಳೇ. ಒಂದರಲ್ಲಿ ಶಬ್ದವಿದೆ, ಇನ್ನೊಂದರಲ್ಲಿ ಇಲ್ಲ. ಯಾವುದು ಶ್ರೇಷ್ಠವೆಂದು ಅರ್ಥಧಾರಿಗಳು ಬೆಳಗಿನ ಜಾವದವರೆಗೆ ವಾದಿಸಬಲ್ಲರು. ಆದರೆ ಕೈನೋವೆಂದು ಹೇಳಿ ಬಿಲ್ಲನ್ನಿಟ್ಟ ವಿದುರನನ್ನು ನಾನು ಯಾವ ಕವಿಯಲ್ಲಿಯೂ ಕಂಡಿಲ್ಲ, ಯಾವ ಅರ್ಥಧಾರಿಯ ಬಾಯಲ್ಲಿಯೂ ಕೇಳಿಲ್ಲ.

ಆದುದರಿಂದ ನನ್ನ ಅಭಿಪ್ರಾಯವನ್ನು ಸಂಕ್ಷೇಪವಾಗಿ ಹೇಳುವುದಾದರೆ, ವಿರೋಧದ ಪತ್ರವು ಗಟ್ಟಿಯಾಗಿ ಕೂಗಬೇಕೆಂಬ ನಿರ್ಬಂಧವಿಲ್ಲ. ಸಂಬೋಧನೆಯಲ್ಲಿ ಮರ್ಯಾದೆಯಿರಲಿ, ವಾಕ್ಯದಲ್ಲಿ ವಿನಯವಿರಲಿ. ಕಾನೂನು ಕಾರಣವನ್ನು ಬೇಡವೆಂದರೆ ಪತ್ರದಲ್ಲಿ ಮೌನವಿರಲಿ, ಹೊರಗೆ ಮಾತಿರಲಿ. ಹೇಳಲು ಧೈರ್ಯವಿಲ್ಲದಿದ್ದರೆ ಕಾರಣದ ಜಾಗವನ್ನು ಬರಿದಾಗಿ ಬಿಡಬಹುದು. ಬರಿದಾದ ಜಾಗವನ್ನು ಮುಂದೊಂದು ದಿನ ಸತ್ಯದಿಂದ ತುಂಬಬಹುದು. ಸುಳ್ಳು ಕಾರಣವನ್ನು ಬರೆದಿಟ್ಟರೆ ಆ ಜಾಗವು ತುಂಬಿಹೋಯಿತು. ಮುಂದೆ ಸತ್ಯವು ಬಂದರೂ ಅದಕ್ಕೆ ಕುಳಿತುಕೊಳ್ಳಲು ಸ್ಥಳವಿರುವುದಿಲ್ಲ.

ಕಳೆದ ಏಪ್ರಿಲಿನಲ್ಲಿ ಪುತ್ತೂರು ಮಹಾಲಿಂಗೇಶ್ವರ ದೇವರ ಜಾತ್ರೆಯಲ್ಲಿ ಅವಳು ಎದುರಾದಳು. ಮಗಳಿಗೆ ಬೇರೆ ಕಡೆ ಮದುವೆಯಾಗಿ, ಮೊಮ್ಮಗುವನ್ನು ಸೊಂಟದಲ್ಲಿಟ್ಟುಕೊಂಡಿದ್ದಳು. ಗದ್ದೆಯ ಬದಿಯಲ್ಲಿ ನಿಂತು ನಾನು ಅಂದಿನ ಮಾತನ್ನೆತ್ತಿ, ಹಾಗೆ ಬರೆಸಿದ್ದು ನನ್ನ ತಪ್ಪಾಯಿತೆಂದೆ. ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆ ಮೊದಲಿನ ಕಾಗದವು ಕೌಮುದಿಯ ಪುಸ್ತಕದೊಳಗೆ ಈಗಲೂ ಇದೆ, ಬೇಕಾದರೆ ತಂದುಕೊಡುತ್ತೇನೆ ಎಂದೆ.

“ನನಗೆ ಯಾಕೆ ಮಾಷ್ಟ್ರೇ, ನಿಮ್ಮಲ್ಲೇ ಇರಲಿ. ಇನ್ನು ಯಾರಾದರೂ ಬರೆಸಲಿಕ್ಕೆ ಬಂದರೆ ನೋಡಿ ಬರೆಯಬಹುದಲ್ಲ” ಎಂದಳು.

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಮನೆಗೆ ಬಂದು ಆ ಕಾಗದವನ್ನು ತೆಗೆದು ನೋಡಿದೆ. ಮಡಿಕೆಗಳು ಹರಿಯತೊಡಗಿವೆ, ಅಕ್ಷರಗಳು ಸ್ಪಷ್ಟವಾಗಿವೆ. ಆ ಒಂದು ಹ್ರಸ್ವ ದೀರ್ಘದ ತಪ್ಪನ್ನು ನಾನು ತಿದ್ದಲಿಲ್ಲ.